ಕ್ಯಾಮೋ ಕಚೇರಿಗೆ ಎಸ್‌ಎಂಎಸ್ (ಸುರಕ್ಷತಾ ನಿರ್ವಹಣಾ ವ್ಯವಸ್ಥೆ) ಕಟ್ಟುವುದು ಹೇಗೆ: ಮಂಗಳೂರು ವಿಮಾನ ನಿಲ್ದಾಣವಿರುವ ಬಜ್ಪೆಯಲ್ಲಿ ರಾತ್ರಿ ತಂಗುವ ವಿಮಾನದ ಲೆಕ್ಕದಲ್ಲಿ

ವಿಮಾನಕ್ಕೆ ಯಾವ ತಪಾಸಣೆ ಯಾವಾಗ ಆಗಬೇಕು, ಯಾವ ಬಿಡಿಭಾಗದ ಆಯುಸ್ಸು ಎಂದು ಮುಗಿಯುತ್ತದೆ, ಹೊಸದಾಗಿ ಬಂದ ಎಡಿ, ಅಂದರೆ ವಾಯುಯೋಗ್ಯತಾ ಆದೇಶ, ನಮ್ಮ ವಿಮಾನಕ್ಕೆ ಅನ್ವಯಿಸುತ್ತದೆಯೇ ಎಂದು ನೋಡಿಕೊಳ್ಳುವ ಸಂಸ್ಥೆಗೆ ಕ್ಯಾಮೋ ಎನ್ನುತ್ತಾರೆ. ಸ್ಪ್ಯಾನರ್ ಹಿಡಿದು ಕೆಲಸ ಮಾಡುವುದು ನಿರ್ವಹಣಾ ನಿಯಮ 145ರ ಅನುಮೋದನೆ ಪಡೆದ ಸಂಸ್ಥೆ. ಏನು ಮಾಡಬೇಕೆಂದು ಹೇಳುವುದು, ಮಾಡಿದ್ದಕ್ಕೆ ದಾಖಲೆ ಇಡುವುದು ಕ್ಯಾಮೋ. ಕರಾವಳಿಯಲ್ಲಿ ಎಂಜಿನಿಯರಿಂಗ್ ಅಥವಾ ಎಎಂಇ (ವಿಮಾನ ನಿರ್ವಹಣಾ ಎಂಜಿನಿಯರಿಂಗ್) ಓದಿದವರಿಗೆ ಸಿಗುವ ಪ್ಲಾನಿಂಗ್, ಟೆಕ್ನಿಕಲ್ ರೆಕಾರ್ಡ್ಸ್, ರಿಲಯಬಿಲಿಟಿ ಕುರ್ಚಿಗಳೆಲ್ಲ ಇದೇ ಕಚೇರಿಯವು.

ಈ ಕಚೇರಿಯ ಅಪಾಯಗಳು ಹ್ಯಾಂಗರಿನಲ್ಲಿಲ್ಲ. ಅವು ಅಂಕಿಗಳಲ್ಲಿ, ದಿನಾಂಕಗಳಲ್ಲಿ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಹಾಳೆಗಳಲ್ಲಿ ಇವೆ. ಇದನ್ನು ಮರೆತು ವಿಮಾನಯಾನ ಕಂಪನಿಯ ಎಸ್‌ಎಂಎಸ್ ಕೈಪಿಡಿಯನ್ನೇ ಹೆಸರು ಬದಲಿಸಿ ಇಟ್ಟುಕೊಂಡರೆ, ಹಜಾರ್ಡ್ (ಅಪಾಯದ ಮೂಲ) ಪಟ್ಟಿಯಲ್ಲಿ ಹಕ್ಕಿ ಡಿಕ್ಕಿಯೂ ರನ್‌ವೇ ದಾಟಿ ಹೋಗುವುದೂ ಬಂದು ಕೂರುತ್ತವೆ. ಮಂಗಳೂರಿನವರಿಗೆ 2010ರ ಮೇ 22 ಮರೆಯುವಂಥದ್ದಲ್ಲ. 158 ಮಂದಿ ತೀರಿಕೊಂಡರು. ಆದರೆ ಆ ದುರಂತದ ಕಾರಣ ವಿಮಾನದ ನಿರ್ವಹಣೆಯಲ್ಲಿರಲಿಲ್ಲ. ಸ್ಥಿರವಾಗಿಲ್ಲದ ಇಳಿಕೆಯನ್ನು ಕೈಬಿಡದೆ ಮುಂದುವರಿಸಿದ್ದೇ ಕಾರಣ ಎಂದು ತನಿಖೆ ಹೇಳಿತು. ಅದರ ಜಾಗ ಹಾರಾಟ ವಿಭಾಗದ ಎಸ್‌ಎಂಎಸ್‌ನಲ್ಲಿ. ಕ್ಯಾಮೋ ತನ್ನ ಕೈಗೆ ಎಟುಕುವುದನ್ನು ಮಾತ್ರ ಬರೆದುಕೊಳ್ಳಬೇಕು.

ನಿಯಮದ ಮಾತು ಚಿಕ್ಕದಾಗಿ ಮುಗಿಸೋಣ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಐಕಾವೋದ ಅನೆಕ್ಸ್ 19 ಎಂಬ ಸುರಕ್ಷತಾ ನಿಯಮಾವಳಿ 2013ರಿಂದ ಜಾರಿಯಲ್ಲಿದೆ. ನಾಲ್ಕು ಘಟಕ, ಹನ್ನೆರಡು ಅಂಶಗಳ ಚೌಕಟ್ಟು ಅದರಲ್ಲಿದೆ. ಭಾರತದಲ್ಲಿ ವಿಮಾನಯಾನ ನಿಯಂತ್ರಕ ಡಿಜಿಸಿಎಯ ನಿಯಮಾವಳಿ ಸಿಎಆರ್‌ನ ಸೆಕ್ಷನ್ 1, ಸೀರೀಸ್ ಸಿ, ಪಾರ್ಟ್ 1 ಎಸ್‌ಎಂಎಸ್ ಬಗ್ಗೆ ಹೇಳುತ್ತದೆ. ವಾಯುಯೋಗ್ಯತೆಯ ನಿರ್ವಹಣೆಗೆ ಸಿಎಆರ್-ಎಂ ಇದೆ. ಯುರೋಪಿನಲ್ಲಿ 2020ರ ಮಾರ್ಚ್ 24ರಿಂದ ಜಾರಿಗೆ ಬಂದ ಪಾರ್ಟ್-ಕ್ಯಾಮೋ ನಿಯಮ ಎಸ್‌ಎಂಎಸ್ ಹೊಣೆಯನ್ನು ಕ್ಯಾಮೋಗಳಿಗೇ ನೇರವಾಗಿ ಹೊರಿಸಿತು.

ಇಲ್ಲಿ ಒಂದು ಕಲ್ಪಿತ ಸಂಸ್ಥೆಯನ್ನು ಇಟ್ಟುಕೊಳ್ಳೋಣ. ಎಪ್ಪತ್ತು ಸೀಟಿನ ಎರಡು ಟರ್ಬೋಪ್ರಾಪ್ ವಿಮಾನ, ದಿನಕ್ಕೆ ತಲಾ ಆರು ಹಾರಾಟ, ಕ್ಯಾಮೋ ಕಚೇರಿ ಬೆಂಗಳೂರಿನಲ್ಲಿ. ಒಂದು ವಿಮಾನ ದಿನವೂ ರಾತ್ರಿ ಬಜ್ಪೆಯಲ್ಲಿ ತಂಗುತ್ತದೆ. ರಾತ್ರಿಯ ತಪಾಸಣೆ ಗುತ್ತಿಗೆಯ 145 ಸಂಸ್ಥೆಯ ಇಬ್ಬರದು.

1. ಸಹಿ ಯಾರದು, ಹಣ ಯಾರದು

ಸುರಕ್ಷತಾ ನೀತಿಗೆ ಸಂಸ್ಥೆಯ ಕೊನೆಯ ಹೊಣೆ ಹೊತ್ತ ಅಕೌಂಟಬಲ್ ಮ್ಯಾನೇಜರ್ ಸಹಿ ಹಾಕಬೇಕು. ಸಹಿ ಸರಿಯಾದ ವ್ಯಕ್ತಿಯದೇ ಎಂದು ನೋಡಲು ಒಂದು ಸುಲಭ ಪ್ರಶ್ನೆ ಇದೆ: ಬಜ್ಪೆಯಲ್ಲಿ ವಿಮಾನ ತೊಳೆಯಲು ಶುದ್ಧೀಕರಿಸಿದ ನೀರಿನ ವ್ಯವಸ್ಥೆ ಬೇಕಾದರೆ ಯಾರು ಒಪ್ಪಿದರೆ ಹಣ ಬಿಡುಗಡೆಯಾಗುತ್ತದೆ? ಉತ್ತರ ಬೇರೆಯವರ ಹೆಸರಾದರೆ ನೀತಿಯ ಕಾಗದಕ್ಕೆ ಬೆಲೆ ಇಲ್ಲ.

ಸೇಫ್ಟಿ ಮ್ಯಾನೇಜರ್‌ಗೆ ಆ ವ್ಯಕ್ತಿಯ ಬಾಗಿಲು ನೇರವಾಗಿ ತೆರೆದಿರಬೇಕು. ಆದರೆ ರಿಸ್ಕ್ ಎಲ್ಲ ಸೇಫ್ಟಿ ಮ್ಯಾನೇಜರ್ ತಲೆಯ ಮೇಲೆ ಹಾಕುವಂತಿಲ್ಲ. ಪ್ಲಾನಿಂಗಿನ ರಿಸ್ಕ್ ಪ್ಲಾನಿಂಗ್ ಮುಖ್ಯಸ್ಥರದು, ದಾಖಲೆಯದು ದಾಖಲೆ ವಿಭಾಗದ್ದು. ಪಟ್ಟಿಯಲ್ಲಿ ಪ್ರತಿ ಸಾಲಿನ ಮುಂದೆ ಒಬ್ಬರ ಹುದ್ದೆ ಇರಲಿ. "ಎಲ್ಲ ವಿಭಾಗಗಳು" ಎಂದು ಬರೆದರೆ ಯಾರೂ ಮಾಡುವುದಿಲ್ಲ.

ಸಣ್ಣ ಸಂಸ್ಥೆಯಲ್ಲಿ ಒಬ್ಬರೇ ಎರಡು ಹುದ್ದೆ ನೋಡಿಕೊಳ್ಳುವುದು ಅನಿವಾರ್ಯ. ನಿಯಂತ್ರಕರ ಒಪ್ಪಿಗೆ ಪಡೆದು ಹಾಗೆ ಮಾಡಿ. ಆಗಲೂ ತಾನು ಮಾಡಿದ ಪ್ಲಾನಿಂಗನ್ನು ತಾನೇ ಆಡಿಟ್ ಮಾಡುವ ಸ್ಥಿತಿ ಬರಬಾರದು. ಬೇಕಾದರೆ ಆ ಒಂದು ಆಡಿಟ್‌ಗೆ ಹೊರಗಿನವರನ್ನು ಕರೆಯಿಸಿ.

2. ಟೆಕ್ ಲಾಗ್ ಹಾಳೆ ನಡೆಯುವ ದಾರಿ

ಹಜಾರ್ಡ್ ಹುಡುಕಲು ಸಭೆ ಸೇರಿಸುವ ಮೊದಲು ದೊಡ್ಡ ಹಾಳೆಯೊಂದರಲ್ಲಿ ದಾರಿ ಬರೆಯಿರಿ. ಪೈಲಟ್ ಟೆಕ್ ಲಾಗ್, ಅಂದರೆ ಹಾರಾಟ ಮತ್ತು ದೋಷಗಳ ದಾಖಲೆ ಪುಸ್ತಕ, ತುಂಬುತ್ತಾರೆ; ಬಜ್ಪೆಯ ಎಂಜಿನಿಯರ್ ಅದರ ಚಿತ್ರ ಕಳುಹಿಸುತ್ತಾರೆ; ಬೆಂಗಳೂರಿನಲ್ಲಿ ಗಂಟೆ ಮತ್ತು ಲ್ಯಾಂಡಿಂಗ್ ಸಂಖ್ಯೆ ಸಾಫ್ಟ್‌ವೇರ್‌ಗೆ ಏರುತ್ತದೆ; ಅದರಿಂದ ಡ್ಯೂ ಲಿಸ್ಟ್ (ಯಾವ ಕೆಲಸ ಯಾವಾಗ ಎಂಬ ಪಟ್ಟಿ); ಅದರಿಂದ ವರ್ಕ್ ಪ್ಯಾಕೇಜ್ (ಮಾಡಬೇಕಾದ ಕೆಲಸಗಳ ಕಟ್ಟು); 145 ಸಂಸ್ಥೆ ಕೆಲಸ ಮುಗಿಸಿ ಸಿಆರ್‌ಎಸ್, ಅಂದರೆ ವಿಮಾನ ಸೇವೆಗೆ ಸಿದ್ಧ ಎಂಬ ಪ್ರಮಾಣಪತ್ರ, ಕೊಡುತ್ತದೆ; ಕಾಗದ ಮರಳಿ ಬಂದು ಕಡತ ಸೇರುತ್ತದೆ. ಹಾಳೆ ಕೈ ಬದಲಿಸುವಲ್ಲೆಲ್ಲ ಕೆಂಪು ಚುಕ್ಕೆ ಇಡಿ. ನಿಮ್ಮ ಹಜಾರ್ಡ್‌ಗಳಲ್ಲಿ ಹೆಚ್ಚಿನವು ಆ ಚುಕ್ಕೆಗಳ ಸುತ್ತಲೇ ಸಿಗುತ್ತವೆ. ಮೂರನ್ನು ಹತ್ತಿರದಿಂದ ನೋಡೋಣ.

ಮೊದಲನೆಯದು ಕಾಣೆಯಾಗುವ ಹಾಳೆ. ಆಟಿಯ ಮಳೆಯಲ್ಲಿ ವಿಮಾನ ನಿಲ್ಲಿಸುವ ಏಪ್ರನ್ನಿನಲ್ಲಿ ನಿಂತು ತುಂಬಿದ ಹಾಳೆ ಒದ್ದೆಯಾಗುತ್ತದೆ, ಕಾರ್ಬನ್ ಪ್ರತಿ ಅಳಿಸಿಹೋಗುತ್ತದೆ, ಚಿತ್ರ ಮಸುಕಾಗುತ್ತದೆ. ಆರು ಹಾರಾಟದ ಒಂದು ಹಾಳೆ ತಿಂಗಳಿಗೊಮ್ಮೆ ತಪ್ಪಿದರೂ ವರ್ಷಕ್ಕೆ 72 ಲ್ಯಾಂಡಿಂಗ್ ಲೆಕ್ಕಕ್ಕೆ ಬರುವುದಿಲ್ಲ. ಲ್ಯಾಂಡಿಂಗ್ ಗೇರಿನ ಭಾಗಗಳ ಆಯುಸ್ಸು ಎಣಿಸುವುದು ಲ್ಯಾಂಡಿಂಗ್‌ಗಳಲ್ಲೇ ಎಂಬುದನ್ನು ನೆನಪಿಡಿ. ತಡೆ ಸರಳ: ಹಾಳೆಯ ಮುದ್ರಿತ ಕ್ರಮಸಂಖ್ಯೆ ಬಿಟ್ಟುಹೋದರೆ ಸಾಫ್ಟ್‌ವೇರ್ ಮುಂದಿನ ಹಾಳೆಯನ್ನು ಸ್ವೀಕರಿಸಬಾರದು. ತಿಂಗಳ ಕೊನೆಗೆ ಹಾರಾಟ ವಿಭಾಗ ತನ್ನಷ್ಟಕ್ಕೆ ಇಟ್ಟ ಹಾರಾಟದ ಪಟ್ಟಿಯೊಂದಿಗೆ ನಿಮ್ಮ ಲೆಕ್ಕ ತಾಳೆ ನೋಡಿ. ಎರಡೂ ಒಂದೇ ಮೂಲದಿಂದ ಬಂದದ್ದಾದರೆ ತಾಳೆ ಆಗಿಯೇ ಆಗುತ್ತದೆ, ಅದರಿಂದ ಪ್ರಯೋಜನವಿಲ್ಲ.

ಎರಡನೆಯದು ನಿಮಿಷ ಮತ್ತು ದಶಮಾಂಶದ ಗೊಂದಲ. 50 ನಿಮಿಷದ ಹಾರಾಟವನ್ನು 0.50 ಎಂದು ಬರೆದರೆ ಸಾಫ್ಟ್‌ವೇರ್ ಅದನ್ನು ಅರ್ಧ ಗಂಟೆ ಎಂದು ತಿಳಿಯುತ್ತದೆ. ನಿಜವಾದ ಅಂಕಿ 0.83. ಪ್ರತಿ ಹಾರಾಟಕ್ಕೆ 20 ನಿಮಿಷ ನಷ್ಟ, ಆರು ಹಾರಾಟಕ್ಕೆ ಎರಡು ಗಂಟೆ, ತಿಂಗಳಿಗೆ 60 ಗಂಟೆ. 500 ಗಂಟೆಗೊಮ್ಮೆ ಆಗಬೇಕಾದ ತಪಾಸಣೆ 833 ಗಂಟೆಗೆ ಆಗುತ್ತದೆ, ಡ್ಯೂ ಲಿಸ್ಟ್ ಮಾತ್ರ ಪೂರ್ತಿ ಹಸಿರಾಗಿಯೇ ಇರುತ್ತದೆ. ಇದರ ಕೆಟ್ಟ ಗುಣವೇ ಅದು: ತಪ್ಪು ಎಲ್ಲಿಯೂ ಎದ್ದು ಕಾಣುವುದಿಲ್ಲ.

ಮೂರನೆಯದು ಯುಟಿಸಿ, ಅಂದರೆ ವಿಮಾನಯಾನ ಬಳಸುವ ಜಾಗತಿಕ ಸಮಯ. ಟೆಕ್ ಲಾಗಿನ ದಿನಾಂಕ ಯುಟಿಸಿಯಲ್ಲಿದ್ದರೆ ನಮ್ಮ ಬೆಳಗಿನ ಐದೂವರೆಯ ತನಕ ಅದು ಹಿಂದಿನ ದಿನವೇ. ಮಂಗಳವಾರ ಬೆಳಿಗ್ಗೆ ಐದಕ್ಕೆ ಬಜ್ಪೆಯಲ್ಲಿ ಒಂದು ದೋಷ ಸಿಕ್ಕಿ, ಎಂಇಎಲ್ (ಯಾವ ದೋಷವಿಟ್ಟುಕೊಂಡು ಎಷ್ಟು ದಿನ ಹಾರಬಹುದು ಎಂಬ ಪಟ್ಟಿ) ಪ್ರಕಾರ ಬಿ ವರ್ಗದಲ್ಲಿ ಮುಂದೂಡಲಾಯಿತು ಎನ್ನಿ. ಬಿ ವರ್ಗಕ್ಕೆ ದೋಷ ಸಿಕ್ಕ ದಿನ ಬಿಟ್ಟು ಮೂರು ದಿನ. ಯುಟಿಸಿಯಲ್ಲಿ ದೋಷ ಸಿಕ್ಕಿದ್ದು ಸೋಮವಾರ. ಗಡುವು ಗುರುವಾರ ಮಧ್ಯರಾತ್ರಿ ಯುಟಿಸಿ, ಅಂದರೆ ನಮ್ಮ ಶುಕ್ರವಾರ ಬೆಳಗಿನ ಐದೂವರೆ. ಸ್ಥಳೀಯ ಸಮಯದಲ್ಲಿ ಎಣಿಸಿದವರು ಶುಕ್ರವಾರ ಮಧ್ಯರಾತ್ರಿಯವರೆಗೆ ಇದೆ ಎಂದುಕೊಳ್ಳುತ್ತಾರೆ. ನಡುವಿನ ಹದಿನೆಂಟೂವರೆ ಗಂಟೆಯಲ್ಲಿ ಆ ದಿನದ ಆರೂ ಹಾರಾಟ ಗಡುವು ಮೀರಿ ನಡೆದಿರುತ್ತವೆ. ಯಾವ ಗಡಿಯಾರ ಎಂಬುದನ್ನು ನಿಮ್ಮ ಎಂಇಎಲ್ ಮೊದಲ ಪುಟಗಳಲ್ಲೇ ಹೇಳಬೇಕು. ಮುಂದೂಡಿದ ದೋಷದ ಚೀಟಿಯ ಮೇಲೆ ಗಡುವಿನ ದಿನಾಂಕವನ್ನೂ ಗಂಟೆಯನ್ನೂ ಬರೆಯಿರಿ, "3 ದಿನ" ಎಂದಷ್ಟೇ ಬರೆದು ಬಿಡಬೇಡಿ.

ಇನ್ನೂ ಇವೆ: ಒಂದು ವಿಮಾನದಿಂದ ಬಿಚ್ಚಿ ಇನ್ನೊಂದಕ್ಕೆ ಹಾಕಿದ ಭಾಗದ ಎಡಿ ಸ್ಥಿತಿ ಜೊತೆಗೆ ಬಾರದಿರುವುದು, ಎಡಿಯನ್ನು ವಿಮಾನದ ಕ್ರಮಸಂಖ್ಯೆಯಿಂದ ಮಾತ್ರ ನೋಡಿ, ಭಾಗದ ಕ್ರಮಸಂಖ್ಯೆ ನೋಡದೆ "ಅನ್ವಯಿಸುವುದಿಲ್ಲ" ಎಂದು ಬದಿಗಿಡುವುದು, ಗಂಟೆ, ತಿಂಗಳು ಎರಡರಲ್ಲಿ ಮೊದಲು ಬಂದದ್ದು ಎಂಬಲ್ಲಿ ತಿಂಗಳನ್ನು ಮರೆಯುವುದು.

3. ಹಜಾರ್ಡ್ ಬರೆಯುವ ರೀತಿ, ಅಂಕ ಹಾಕುವ ರೀತಿ

"ಮಾನವ ದೋಷ", "ನಿರ್ಲಕ್ಷ್ಯ" ಎಂದು ಬರೆದ ಸಾಲನ್ನು ಹೊಡೆದುಹಾಕಿ. ಅದರಿಂದ ಯಾರೂ ಏನನ್ನೂ ಮಾಡಲಾರರು. "ಹಾರಾಟದ ಸಮಯದ ಖಾನೆ ದಶಮಾಂಶವನ್ನೂ ಗಂಟೆ-ನಿಮಿಷವನ್ನೂ ಸ್ವೀಕರಿಸುತ್ತದೆ" ಎಂದರೆ ಅದು ಹಜಾರ್ಡ್. "ಆಯುಸ್ಸು ಮುಗಿದ ಭಾಗದೊಂದಿಗೆ ಹಾರಾಟ" ಅದರ ಪರಿಣಾಮ. ಅದು ಎಷ್ಟು ಸಲ ಆಗಬಹುದು, ಆದರೆ ಎಷ್ಟು ಕೆಟ್ಟದ್ದು ಎಂಬುದು ರಿಸ್ಕ್. ಈ ಮೂರೂ ಬೇರೆ ಬೇರೆ ಖಾನೆಯಲ್ಲಿರಲಿ.

ಐಕಾವೋ ಕೋಷ್ಟಕದಲ್ಲಿ ಸಂಭವ 5ರಿಂದ (ಪದೇ ಪದೇ) 1ರವರೆಗೆ (ಅತಿ ಅಪರೂಪ), ತೀವ್ರತೆ ಎ ಇಂದ (ಅತಿ ಕೆಟ್ಟದ್ದು) ಇ ವರೆಗೆ. 5ಎ, 5ಬಿ, 5ಸಿ, 4ಎ, 4ಬಿ, 3ಎ ಒಪ್ಪಲಾಗದವು. ನಮ್ಮ ದಶಮಾಂಶದ ಉದಾಹರಣೆಗೆ 4ಬಿ ಹಾಕಬಹುದು: ಖಾನೆ ತೆರೆದೇ ಇದೆ, ದಿನಕ್ಕೆ ಎಷ್ಟೋ ಸಲ ತುಂಬಲಾಗುತ್ತದೆ, ತಪ್ಪು ಸಿಕ್ಕಿಬೀಳುವುದಿಲ್ಲ. ಖಾನೆ ಗಂಟೆ-ನಿಮಿಷವನ್ನು ಮಾತ್ರ ಸ್ವೀಕರಿಸುವಂತೆ ಮಾಡಿ, ತಿಂಗಳ ತಾಳೆಯನ್ನೂ ಇಟ್ಟರೆ 2ಬಿ ಗೆ ಇಳಿಯುತ್ತದೆ; ಅದು ನಿಗಾ ಇಟ್ಟು ಸಹಿಸಬಹುದಾದ ಗುಂಪು. ಬಿ ಹಾಗೆಯೇ ಉಳಿದದ್ದನ್ನು ಗಮನಿಸಿ. ತಡೆಗಳು ಸಾಮಾನ್ಯವಾಗಿ ಸಂಭವವನ್ನು ಇಳಿಸುತ್ತವೆ, ತೀವ್ರತೆಯನ್ನಲ್ಲ. ಒಂದು ದಿನದ ತರಬೇತಿ ಕೊಟ್ಟು 4ಬಿ ಯನ್ನು 1ಡಿ ಮಾಡಿದ ಪಟ್ಟಿ ಕಂಡರೆ ಆಡಿಟರ್ ನಗುತ್ತಾರೆ, ಅದು ಸರಿಯೇ.

ತಡೆಯ ಬಲಕ್ಕೂ ಒಂದು ಕ್ರಮವಿದೆ. ಅಪಾಯವನ್ನೇ ತೆಗೆದುಹಾಕುವುದು ಎಲ್ಲಕ್ಕಿಂತ ಮೇಲು, ನಂತರ ತಪ್ಪು ಮಾಡಲಾಗದಂತೆ ಸಾಫ್ಟ್‌ವೇರ್ ಅಥವಾ ಉಪಕರಣ ಬದಲಿಸುವುದು, ನಂತರ ಕಾರ್ಯವಿಧಾನ ಮತ್ತು ಎರಡನೆಯ ಸಹಿ, ಕೊನೆಗೆ ತರಬೇತಿ. ಸುತ್ತೋಲೆಯನ್ನು ತಡೆ ಎಂದು ಎಣಿಸಲೇಬೇಡಿ.

4. ಉಪ್ಪುಗಾಳಿ

ಅರಬ್ಬಿ ಸಮುದ್ರದಿಂದ ದೂರವಿಲ್ಲದ ಗುಡ್ಡದ ಮೇಲೆ ರಾತ್ರಿಯಿಡೀ ಒದ್ದೆಯಲ್ಲಿ ನಿಲ್ಲುವ ವಿಮಾನಕ್ಕೆ ಒಳನಾಡಿನ ವಿಮಾನದ ನಿರ್ವಹಣಾ ಕಾರ್ಯಕ್ರಮ ಸಾಲದು. 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737ರ ಮುಂಭಾಗದ ಮೇಲ್ಛಾವಣಿ ಆಕಾಶದಲ್ಲೇ ಕಿತ್ತುಹೋಯಿತು, ಗಗನಸಖಿಯೊಬ್ಬರು ತೀರಿಕೊಂಡರು. ಆ ವಿಮಾನ 35,496 ಗಂಟೆಯಲ್ಲಿ 89,680 ಹಾರಾಟ ಮಾಡಿತ್ತು, ಸರಾಸರಿ 24 ನಿಮಿಷಕ್ಕೊಂದು. ಗಂಟೆ ಮಾತ್ರ ನೋಡುವವರಿಗೆ ಅದು ಅಷ್ಟೇನೂ ಹಳೆಯದಲ್ಲ. ವಿಮಾನದೊಳಗಿನ ಗಾಳಿಯ ಒತ್ತಡ ಏರಿ ಇಳಿದ ಸಂಖ್ಯೆಯೂ ಸಮುದ್ರದ ಗಾಳಿಯೂ ಸೇರಿ ನೋಡಿದರೆ ಚಿತ್ರ ಬೇರೆ. ಬಿಟ್ಟುಕೊಂಡ ಅಂಟು ಮತ್ತು ಬಿರುಕುಗಳನ್ನು ಕಂಪನಿಯ ನಿರ್ವಹಣಾ ಕಾರ್ಯಕ್ರಮ ಪತ್ತೆ ಮಾಡಲಿಲ್ಲ ಎಂದು ತನಿಖೆ ಹೇಳಿತು. ಸಣ್ಣ ಹಾರಾಟ, ಕರಾವಳಿ ಎರಡೂ ನಮ್ಮ ಉದಾಹರಣೆಯಲ್ಲಿವೆ.

ಮಾಡಬೇಕಾದದ್ದು ಇಷ್ಟು. ವಿಮಾನ ಎಷ್ಟು ರಾತ್ರಿ ಬಜ್ಪೆಯಲ್ಲಿ ನಿಂತಿತು ಎಂಬುದನ್ನು ದಾಖಲೆಯಲ್ಲಿ ಪ್ರತ್ಯೇಕ ಖಾನೆಯಾಗಿ ಇಡಿ. ಎರಡು ವಿಮಾನ ಸರದಿಯ ಮೇಲೆ ಬರುವುದಾದರೆ ಇದಿಲ್ಲದೆ ಯಾವುದಕ್ಕೆ ಎಷ್ಟು ಉಪ್ಪು ತಾಗಿತು ಎಂದು ಹೇಳಲಾಗದು. ತಯಾರಕರ ಕೈಪಿಡಿಯಲ್ಲಿ ಉಪ್ಪಿನ ವಾತಾವರಣಕ್ಕೆಂದು ಹೇಳಿದ ತೊಳೆಯುವ ಅವಧಿ, ಎಂಜಿನ್ ಕಂಪ್ರೆಸರ್ ತೊಳೆಯುವ ಅವಧಿಗಳನ್ನು ಕಾರ್ಯಕ್ರಮಕ್ಕೆ ತನ್ನಿ. ನೀರು ಹೊರಹೋಗುವ ರಂಧ್ರಗಳು, ಟಾಯ್ಲೆಟ್ ಮತ್ತು ಗ್ಯಾಲಿಯ ಕೆಳಗಿನ ನೆಲ, ಚಕ್ರದ ಗೂಡು, ಆಂಟೆನಾ ಬುಡ, ವಿದ್ಯುತ್ ಕನೆಕ್ಟರ್‌ಗಳನ್ನು ಮುಂಗಾರಿಗೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ನೋಡುವ ಕಾರ್ಯ ಸೇರಿಸಿ. ತುಕ್ಕಿನ ವರದಿ ಬಂದಾಗ ಮಟ್ಟ ಯಾವುದು ಎಂದು ಕೇಳಿ. ಮಟ್ಟ 1 ಎಂದರೆ ಮಿತಿಯೊಳಗೆ. ಮತ್ತೆ ಮಾಡಿದ ತಪಾಸಣೆಯಲ್ಲಿ ಮಟ್ಟ 2 ಸಿಕ್ಕರೆ ಆ ಭಾಗವನ್ನು ದುರಸ್ತಿ ಮಾಡಿ ಕೈತೊಳೆದುಕೊಳ್ಳುವಂತಿಲ್ಲ. ನಿಮ್ಮ ಅವಧಿಯೇ ತಪ್ಪಾಗಿದೆ, ಕಾರ್ಯಕ್ರಮ ತಿದ್ದಬೇಕು. ಮಟ್ಟ 3 ಎಂದರೆ ಉಳಿದ ವಿಮಾನವನ್ನೂ ಕೂಡಲೇ ನೋಡಬೇಕಾದ ಸ್ಥಿತಿ.

ಇಲ್ಲೇ ಒಂದು ಬಲೆ ಇದೆ. ಹೆಚ್ಚು ತೊಳೆಯಿರಿ ಎಂದು ನೀವು ಹೇಳಿದ ತಕ್ಷಣ ತೊಳೆಯುವಾಗ ಮುಚ್ಚುವ ರಂಧ್ರಗಳ ಅಪಾಯ ಹುಟ್ಟುತ್ತದೆ. 1996ರ ಅಕ್ಟೋಬರ್ 2ರಂದು ಲಿಮಾದಿಂದ ಹೊರಟ ಏರೋಪೆರು 603 ಹಾರಾಟದ ಬೋಯಿಂಗ್ 757ರಲ್ಲಿ, ತೊಳೆಯುವಾಗ ಸ್ಟ್ಯಾಟಿಕ್ ಪೋರ್ಟ್ (ಹೊರಗಿನ ಗಾಳಿಯ ಒತ್ತಡ ಅಳೆಯುವ ರಂಧ್ರ) ಮೇಲೆ ಅಂಟಿಸಿದ ಟೇಪ್ ಹಾಗೆಯೇ ಉಳಿದಿತ್ತು. ಎತ್ತರವೂ ವೇಗವೂ ತಪ್ಪು ತೋರಿಸಿ ವಿಮಾನ ಸಮುದ್ರಕ್ಕೆ ಬಿತ್ತು, 70 ಮಂದಿ ಸತ್ತರು. ಹಾಗಾಗಿ ತೊಳೆಯುವ ಕಾರ್ಡಿನಲ್ಲಿ ಮುಚ್ಚಿದ್ದಕ್ಕೆ ಒಂದು ಸಹಿ, ತೆಗೆದದ್ದಕ್ಕೆ ಬೇರೆ ಸಹಿ, ಎಷ್ಟು ಮುಚ್ಚಳ ಹೋಯಿತು ಎಷ್ಟು ಮರಳಿತು ಎಂಬ ಎಣಿಕೆ ಇರಲಿ. ಲೋಹದ ಬಣ್ಣದ ಟೇಪಿಗೆ ಅವಕಾಶವೇ ಬೇಡ. ಕೆಂಪು ಬಾಲದ, ತಯಾರಕರು ಒಪ್ಪಿದ ಮುಚ್ಚಳ ಮಾತ್ರ. ಆದರೆ ರಾತ್ರಿ ಪಿಟೋ (ವೇಗ ಅಳೆಯುವ ಕೊಳವೆ) ಮುಚ್ಚಳ ಹಾಕುವುದನ್ನು ತಪ್ಪಿಸಬೇಡಿ, ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಅಂಥ ಕೊಳವೆ ಇಷ್ಟ. ತಡೆಯಿಂದಲೇ ಹುಟ್ಟುವ ಇಂಥ ಹೊಸ ರಿಸ್ಕ್‌ಗೆ ಪಟ್ಟಿಯಲ್ಲಿ ಒಂದು ಖಾನೆ ಬೇಕು.

5. ವರದಿ ಬರಬೇಕಾದರೆ

ಫಾರ್ಮ್ ಅರ್ಧ ಪುಟ ಮೀರಬಾರದು: ಏನಾಯಿತು, ಎಲ್ಲಿ, ಯಾವಾಗ, ಏನಾಗಬಹುದಿತ್ತು. ಇಂಗ್ಲಿಷಿನಲ್ಲೇ ಬರೆಯಬೇಕೆಂಬ ನಿಯಮವಿದ್ದರೆ ರಾತ್ರಿ ಎರಡಕ್ಕೆ ಕೆಲಸ ಮುಗಿಸಿದ ಟೆಕ್ನೀಷಿಯನ್ ಬರೆಯುವುದಿಲ್ಲ. ಕನ್ನಡದಲ್ಲೋ ತುಳುವಿನಲ್ಲೋ ಕೊಂಕಣಿಯಲ್ಲೋ ಮಾತಾಡಿ ಕಳುಹಿಸಲಿ. ಸೇಫ್ಟಿ ಕಚೇರಿ ಅದನ್ನು ಬರೆದುಕೊಂಡು, ಮೂಲ ಧ್ವನಿಯನ್ನೂ ಇಟ್ಟುಕೊಳ್ಳಲಿ. ಮೂರು ಕೆಲಸದ ದಿನದೊಳಗೆ ತಲುಪಿತು ಎಂಬ ಉತ್ತರ, ತೀರ್ಮಾನವಾದ ಮೇಲೆ ಏನು ಬದಲಾಯಿತು ಎಂಬ ಉತ್ತರ, ಎರಡೂ ಹೋಗಬೇಕು. ಎರಡನೆಯದು ಹೋಗದಿದ್ದರೆ ಆ ವ್ಯಕ್ತಿಯ ಮುಂದಿನ ವರದಿ ಬರುವುದಿಲ್ಲ.

ಜಸ್ಟ್ ಕಲ್ಚರ್ (ತಪ್ಪನ್ನು ನ್ಯಾಯವಾಗಿ ನೋಡುವ ರೀತಿ) ಎಂದರೆ ಎಲ್ಲಕ್ಕೂ ಮಾಫಿ ಎಂದಲ್ಲ. ಅದೇ ತರಬೇತಿಯ ಇನ್ನೊಬ್ಬರು ಅದೇ ಜಾಗದಲ್ಲಿದ್ದರೆ ಅದೇ ತಪ್ಪು ಮಾಡುತ್ತಿದ್ದರೇ ಎಂದು ಕೇಳಿ. ಹೌದಾದರೆ ವ್ಯವಸ್ಥೆ ತಿದ್ದಿ. ಮಾಡದ ಕೆಲಸಕ್ಕೆ ಸಹಿ ಹಾಕಿದ್ದು ಬೇರೆ ಮಾತು. ಅದು ಗೆರೆಯ ಆಚೆ ಎಂದು ನೀತಿಯಲ್ಲೇ ಬರೆಯಿರಿ.

ನಿಯಂತ್ರಕರಿಗೆ ಕಡ್ಡಾಯವಾಗಿ ತಿಳಿಸಬೇಕಾದ ಘಟನೆಗಳ ದಾರಿ ಬೇರೆ. ಯುರೋಪಿನ ನಿಯಮ 376/2014ರಲ್ಲಿ 72 ಗಂಟೆ. ಭಾರತದ ನೋಂದಣಿಯ ವಿಮಾನಕ್ಕೆ ಡಿಜಿಸಿಎ ಹೇಳಿದ ಗಡುವನ್ನು ಫಾರ್ಮಿನ ತಲೆಯ ಮೇಲೇ ಅಚ್ಚು ಹಾಕಿಸಿ, ಆ ಗಡಿಯಾರವನ್ನು ಯಾರು ನೋಡುತ್ತಾರೆ ಎಂದೂ ಬರೆಯಿರಿ.

6. ಸೂಚಕಗಳು

"ಗಡುವು ಮೀರಿದ ಕೆಲಸ: 0" ಎಂಬುದನ್ನು ಸೂಚಕ ಮಾಡಿಕೊಳ್ಳಬೇಡಿ. ಅದು ಯಾವಾಗಲೂ ಸೊನ್ನೆಯೇ ಇರಬೇಕಾದದ್ದು. ಸೊನ್ನೆಯಿಂದ ಏನೂ ತಿಳಿಯುವುದಿಲ್ಲ. ಬದಲಿಗೆ ಗಡುವಿನ ಕೊನೆಯ ಹತ್ತನೇ ಒಂದು ಭಾಗದಲ್ಲಿ ಮುಗಿದ ಕೆಲಸ ಎಷ್ಟು, ಟೆಕ್ ಲಾಗ್ ಹಾಳೆ ಸಾಫ್ಟ್‌ವೇರ್ ಸೇರಲು ಎಷ್ಟು ಗಂಟೆ ಹಿಡಿಯಿತು, ಎಡಿ ಹೊರಬಿದ್ದ ದಿನದಿಂದ ಅನ್ವಯದ ತೀರ್ಮಾನಕ್ಕೆ ಎಷ್ಟು ದಿನ, ಎಂಇಎಲ್ ಗಡುವು ವಿಸ್ತರಣೆ ಎಷ್ಟು, ಒಂದೇ ದೋಷ ಎಷ್ಟು ಸಲ ಮರುಕಳಿಸಿತು ಎಂಬುದನ್ನು ನೋಡಿ. ಮಳೆಗಾಲದ ಅಂಕಿಯನ್ನು ಮೇ ತಿಂಗಳ ಜೊತೆ ಹೋಲಿಸಬೇಡಿ. ಹಿಂದಿನ ವರ್ಷದ ಜೂನ್-ಸೆಪ್ಟೆಂಬರ್ ಜೊತೆ ಹೋಲಿಸಿ. ಸರಾಸರಿಯ ಮೇಲೆ ಒಂದು, ಎರಡು, ಮೂರು ವಿಚಲನದ ಗೆರೆ ಎಳೆಯುವ ಪದ್ಧತಿ ದೊಡ್ಡ ಪಡೆಗೆ ಸರಿ. ಎರಡೇ ವಿಮಾನವಿದ್ದವರು ಪ್ರತಿ ಘಟನೆಯನ್ನೂ ಕೂತು ಓದುವುದೇ ಮೇಲು.

ತಪಾಸಣೆಯ ಅವಧಿ ಹೆಚ್ಚಿಸುವ ಪ್ರಸ್ತಾವ ಬಂದಾಗ ಸೂಚಕಗಳ ನಿಜವಾದ ಪರೀಕ್ಷೆ. 2000ದ ಜನವರಿ 31ರಂದು ಅಲಾಸ್ಕಾ ಏರ್‌ಲೈನ್ಸ್ 261 ಹಾರಾಟದ ಎಂಡಿ-83 ಬಿದ್ದು 88 ಮಂದಿ ಸತ್ತರು. ಬಾಲದ ಸ್ಟೆಬಿಲೈಸರ್ ನಡೆಸುವ ಜಾಕ್‌ಸ್ಕ್ರೂಗೆ ಗ್ರೀಸ್ ಸಾಲದೆ ನಟ್ಟಿನ ಎಳೆಗಳು ಸವೆದುಹೋಗಿದ್ದವು. ಗ್ರೀಸ್ ಹಾಕುವ ಅವಧಿ ಹಂತಹಂತವಾಗಿ ಏರಿ ಎಂಟು ತಿಂಗಳಿಗೂ, ಸವೆತ ಅಳೆಯುವ ಅವಧಿ ಮೂವತ್ತು ತಿಂಗಳಿಗೂ ಬಂದು ನಿಂತಿತ್ತು. ಕ್ಯಾಮೋದಲ್ಲಿ ಕೂತವರು ಕೇಳಬೇಕಾದದ್ದು: "ದೋಷ ಸಿಗಲಿಲ್ಲ" ಎಂಬುದಕ್ಕೆ ಆಧಾರ ಎಷ್ಟು ತಪಾಸಣೆ? ಗ್ರೀಸ್ ಹಾಕುವುದು, ಸವೆತ ನೋಡುವುದು ಎರಡನ್ನೂ ಒಟ್ಟಿಗೆ ಹಿಗ್ಗಿಸುತ್ತಿದ್ದೇವೆಯೇ? ಒಂದು ತಪ್ಪಿದರೆ ಇನ್ನೊಂದು ಹಿಡಿಯಬೇಕಾದ ಜೋಡಿಗಳನ್ನು ಒಂದೇ ಪ್ರಸ್ತಾವದಲ್ಲಿ ಒಪ್ಪಬೇಡಿ.

7. ಬದಲಾವಣೆ ಬಂದಾಗ

ಹೊಸ ಸಾಫ್ಟ್‌ವೇರ್, ಲೀಸಿಗೆ ತಂದ ವಿಮಾನ, ಹೊಸ 145 ಗುತ್ತಿಗೆ, ಹೊಸ ರಾತ್ರಿ ತಂಗುದಾಣ: ಇವು ಶುರುವಾಗುವ ಮೊದಲೇ ರಿಸ್ಕ್ ಕಾಗದ ಮುಗಿಯಬೇಕು. ಬಜ್ಪೆಯ ಕಾಗದದಲ್ಲಿ ಬೆಂಗಳೂರಿನವರಿಗೆ ಹೊಳೆಯದ ಒಂದು ಸಾಲು ಬರೆಯಿರಿ: ಬಿಡಿಭಾಗ ಯಾವ ದಾರಿಯಲ್ಲಿ ಬರುತ್ತದೆ? ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ರಸ್ತೆ ಬಂದ್. ಚಾರ್ಮಾಡಿ, ಸಂಪಾಜೆಗಳನ್ನೂ ನೆಚ್ಚುವಂತಿಲ್ಲ. ಮೋಡ ಕವಿದು ವಿಮಾನವೂ ಬೇರೆಡೆಗೆ ತಿರುಗಿದರೆ ಮೂರು ದಿನದ ಬಿ ವರ್ಗದ ಗಡುವು ಕಾಯುವುದಿಲ್ಲ. ಜೂನ್ ಹೊತ್ತಿಗೆ ಚಕ್ರ, ಬ್ರೇಕ್, ಬ್ಯಾಟರಿ, ಹಿಂದಿನ ಮಳೆಗಾಲದಲ್ಲಿ ಪದೇ ಪದೇ ಕೈಕೊಟ್ಟ ಸೆನ್ಸರ್‌ಗಳು ಬಜ್ಪೆಯಲ್ಲೇ ಇರಲಿ. ಆ ದಾಸ್ತಾನಿನ ಕೋಣೆಯ ತೇವಾಂಶ ಅಳೆಯುವವರು ಯಾರು ಎಂದೂ ಬರೆಯಿರಿ, ಇಲ್ಲವಾದರೆ ಹೊಸ ಕನೆಕ್ಟರ್ ಪೊಟ್ಟಣದಲ್ಲೇ ಹಸಿರುಗಟ್ಟುತ್ತದೆ.

ಸಾಫ್ಟ್‌ವೇರ್ ಬದಲಿಸುವಾಗ ಹಳೆಯದನ್ನೂ ಹೊಸದನ್ನೂ ಕನಿಷ್ಠ ಒಂದು ತಿಂಗಳು ಜೊತೆಗೆ ಓಡಿಸಿ, ಎರಡರ ಡ್ಯೂ ಲಿಸ್ಟನ್ನು ಸಾಲುಸಾಲಾಗಿ ತಾಳೆ ಹಾಕಿ. ಆಯುಸ್ಸಿನ ಮಿತಿಯುಳ್ಳ ಭಾಗಗಳನ್ನೂ ಮರುಕಳಿಸುವ ಎಡಿಗಳನ್ನೂ ಮೂಲ ಕಾಗದದಿಂದಲೇ ನೋಡಬೇಕು, ಹಳೆಯ ಸಾಫ್ಟ್‌ವೇರ್‌ನ ತಪ್ಪು ಹೊಸದಕ್ಕೂ ಹಾಗೆಯೇ ಬರುತ್ತದೆ.

8. ಮುಚ್ಚುವುದು

ಮೂರು ತಿಂಗಳಿಗೊಮ್ಮೆ ಅಕೌಂಟಬಲ್ ಮ್ಯಾನೇಜರ್ ಕೂರುವ ಸಭೆಗೆ 145 ಸಂಸ್ಥೆಯವರನ್ನೂ ಕರೆಯಿರಿ. ಬಜ್ಪೆಯ ಆ ಇಬ್ಬರಲ್ಲಿ ಒಬ್ಬರಾದರೂ ಫೋನಿನಲ್ಲಿರಲಿ. ಮುಕ್ಕಾಲು ಗಂಟೆ ಸಾಕು. ಪಟ್ಟಿಯ ಒಂದು ಸಾಲನ್ನು "ಕ್ರಮ ಕೈಗೊಳ್ಳಲಾಗಿದೆ" ಎಂದ ದಿನವೇ ಮುಚ್ಚಬೇಡಿ. ತಡೆ ಜಾರಿಯಾದ 90 ದಿನದ ಮೇಲೆ ಇಪ್ಪತ್ತು ಟೆಕ್ ಲಾಗ್ ಹಾಳೆ ಎತ್ತಿಕೊಂಡು, ಪೈಲಟ್ ಬರೆದ ಸಮಯವನ್ನು ಸಾಫ್ಟ್‌ವೇರಿನ ಅಂಕಿಯೊಂದಿಗೆ ಹೋಲಿಸಿ ನೋಡಿ. ಇಪ್ಪತ್ತೂ ಸರಿ ಇದ್ದರೆ ಹಾಳೆಗಳ ಕ್ರಮಸಂಖ್ಯೆ ಬರೆದು, ದಿನಾಂಕ ಹಾಕಿ ಮುಚ್ಚಿ. ಒಂದು ತಪ್ಪು ಸಿಕ್ಕಿದರೂ ಸಾಲು ತೆರೆದೇ ಇರಲಿ, ಹಿಂದಿನ ಮೂರು ತಿಂಗಳ ಹಾಳೆಗಳನ್ನೆಲ್ಲ ತೆಗೆಯಿರಿ.